ಅಕ್ಷರಗುಂಡಿನಲ್ಲಿ ಕಂಡ ಅಂತೇವಾಸಿ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಶ್ರಾವಣಮಾಸವು ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ ಉಪಾಕರ್ಮದ ಮಾತು ಮೊದಲಾಗುತ್ತದೆ. ಋಗ್ವೇದಿಗಳಿಗೆ ಶ್ರವಣ ನಕ್ಷತ್ರದಂದು, ಯಜುರ್ವೇದಿಗಳಿಗೆ ಹುಣ್ಣಿಮೆಯಂದು ವಿಹಿತವಾದ ಈ ಕರ್ಮವನ್ನು ಆಡುಮಾತಿನಲ್ಲಿ ಜನಿವಾರದ ಹಬ್ಬವೆಂದು ಕರೆಯುವುದು ವಾಡಿಕೆಯಾಗಿದೆ. ಯಜ್ಞೋಪವೀತಧಾರಣೆಯು ಅದರ ಒಂದು ಅಂಗ ಮಾತ್ರ. ಉಪಾಕರ್ಮವೆಂಬ ಶಬ್ದಕ್ಕೆ ಪ್ರಾರಂಭವೆಂದು ಅರ್ಥ. ಏನಿನ ಪ್ರಾರಂಭವೆಂದರೆ ಅಧ್ಯಯನದ ಪ್ರಾರಂಭ. ಶ್ರಾವಣದಲ್ಲಿ ತೊಡಗಿದ ವೇದಾಧ್ಯಯನವನ್ನು ಪುಷ್ಯದಲ್ಲಿಯೋ ಮಾಘದಲ್ಲಿಯೋ ಉತ್ಸರ್ಜನ ಮಾಡಿ, ಮತ್ತೆ ಮುಂದಿನ ಶ್ರಾವಣದಲ್ಲಿ ತೊಡಗಬೇಕೆಂಬುದು ಸೂತ್ರಕಾರರ ವಿಧಿ. ಈಗ ಉತ್ಸರ್ಜನ, ಉಪಾಕರ್ಮಗಳೆರಡನ್ನೂ ಒಂದೇ ಮುಂಜಾನೆ, ಒಂದೇ ಸಂಕಲ್ಪದ ಬೆನ್ನಿಗೆ ಮುಗಿಸುತ್ತೇವೆ. ನಡುವೆ ಇರಬೇಕಾದ ಅಧ್ಯಯನ ಎಲ್ಲಿ ಹೋಯಿತೆಂದು ಮಕ್ಕಳು ಕೇಳಿದರೆ ಹಿರಿಯರಲ್ಲಿ ಉತ್ತರವಿಲ್ಲ.

ಇದಕ್ಕಿಂತಲೂ ವಿಚಿತ್ರವಾದದ್ದು ಉಪನಯನದ ಪಾಡು. ಮದುವೆಯ ಹಿಂದಿನ ದಿನ ಬ್ರಹ್ಮೋಪದೇಶ, ಅದರ ಬೆನ್ನಿಗೇ ಸಮಾವರ್ತನ! ಗುರುಕುಲದಲ್ಲಿ ವಿದ್ಯೆಯನ್ನು ಮುಗಿಸಿ ಮನೆಗೆ ಮರಳುವವನಿಗೆ ಮಾಡುವ ಸಂಸ್ಕಾರವು ಸಮಾವರ್ತನ. ಗುರುಕುಲದ ಹೊಸ್ತಿಲನ್ನೇ ತುಳಿಯದವನನ್ನು ಅಲ್ಲಿಂದ ಹೊರಡಿಸುವ ಚಮತ್ಕಾರವನ್ನು ನಾವು ಸಾಧಿಸಿದ್ದೇವೆ. ಇದು ಪುರೋಹಿತರ ದೋಷವಲ್ಲ. ಅವರಿಗೆ ಅಷ್ಟು ಹೊತ್ತನ್ನು ಕೊಟ್ಟವರು ನಾವು.

ಹೊರಡುವ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವು ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯ ಹನ್ನೊಂದನೆಯ ಅನುವಾಕದಲ್ಲಿದೆ. ಸತ್ಯವನ್ನು ನುಡಿ, ಧರ್ಮವನ್ನು ಆಚರಿಸು, ಸ್ವಾಧ್ಯಾಯದಲ್ಲಿ ಎಚ್ಚರ ತಪ್ಪಬೇಡ, ತಾಯಿ ತಂದೆ ಆಚಾರ್ಯ ಅತಿಥಿಗಳಲ್ಲಿ ದೇವಭಾವವಿರಲಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಬಹಳ ಜನ ಗಮನಿಸದೆ ದಾಟಿಹೋಗುವ ಮಾತೊಂದಿದೆ: ನಮ್ಮಲ್ಲಿ ಒಳ್ಳೆಯ ನಡತೆಗಳು ಯಾವುವೋ ಅವನ್ನು ಮಾತ್ರ ಅನುಸರಿಸು, ಮಿಕ್ಕವನ್ನು ಬೇಡ ಎಂದು ಗುರುವೇ ಹೇಳುತ್ತಾನೆ. ಇಷ್ಟು ಧೈರ್ಯದಿಂದ ತನ್ನ ಬಗ್ಗೆ ನುಡಿಯುವ ಗುರುವಿನ ಬಳಿ ವಾಸಮಾಡಿದ ಶಿಷ್ಯನನ್ನು ಉಪನಿಷತ್ತು ಅಂತೇವಾಸಿ ಎಂದು ಕರೆಯುತ್ತದೆ. ಅಂತೇ ಎಂದರೆ ಸಮೀಪದಲ್ಲಿ. ವಾಸಿ ಎಂದರೆ ಇರುವವನು. ಅದೇ ವಲ್ಲಿಯ ಆರಂಭದ ಭಾಗದಲ್ಲಿ ಸಂಧಿಯ ದೃಷ್ಟಾಂತದಿಂದ ವಿದ್ಯೆಯ ಸ್ವರೂಪವನ್ನು ಹೇಳುವಾಗಲೂ ಈ ಶಬ್ದವೇ ಬಂದಿದೆ. ಆಚಾರ್ಯನು ಪೂರ್ವರೂಪ, ಅಂತೇವಾಸಿಯು ಉತ್ತರರೂಪ, ವಿದ್ಯೆಯೇ ಸಂಧಿ, ಪ್ರವಚನವು ಅವರನ್ನು ಕೂಡಿಸುವ ಸಂಧಾನ. ಎರಡು ಅಕ್ಷರಗಳು ಸನಿಹಕ್ಕೆ ಬಾರದೆ ಸಂಧಿಯಾಗುವುದಿಲ್ಲವೆಂಬುದನ್ನು ವ್ಯಾಕರಣ ಓದಿದ ಹುಡುಗನೂ ಬಲ್ಲ.

ಈ ಅಂತೇವಾಸಿ ಎಂಬ ಶಬ್ದವನ್ನು ಗ್ರಂಥದಲ್ಲಿ ಅಲ್ಲದೆ ಬಂಡೆಯ ಮೇಲೆ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅಕ್ಷರಗಳಲ್ಲಿ ನೋಡಬೇಕಾದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರು ಕಾಶಿಗಾಗಲಿ ತಕ್ಷಶಿಲೆಗಾಗಲಿ ಹೋಗಬೇಕಾಗಿಲ್ಲ. ಅದು ಅವರ ಹಿತ್ತಿಲಲ್ಲಿಯೇ ಇದೆ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ, ಒಂದರಿಂದ ಒಂದಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ, ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದಾಗ, ಮೈಸೂರು ಸೀಮೆಯ ಚರಿತ್ರೆ ಒಮ್ಮೆಗೇ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂದೆ ಸರಿಯಿತು. ಅದಕ್ಕೆ ಮುಂಚೆ ಊರವರಿಗೆ ಅಲ್ಲಿ ಬರಹವಿದೆಯೆಂಬುದು ತಿಳಿಯದೆ ಇರಲಿಲ್ಲ. ಓದಲು ಬರುತ್ತಿರಲಿಲ್ಲ, ಅಷ್ಟೆ. ಬ್ರಹ್ಮಗಿರಿಯ ಬಂಡೆಯನ್ನು ಅವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಜಟಾಯುವು ರಾವಣನೊಡನೆ ಹೋರಾಡಿ ಬಿದ್ದ ಸ್ಥಳವೆಂದು ಜನ ನಂಬುವ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಬಂಡೆಗೆ ಬಳೆಗಾರಗುಂಡು ಎಂಬ ಹೆಸರು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು ಬಂತಂತೆ. ಮೂರರಲ್ಲಿ ಹೆಚ್ಚು ಸವೆದಿರುವುದೂ ಅದೇ. 1947ರಲ್ಲಿ ವೀಲರ್ ಎಂಬ ವಿದ್ವಾಂಸರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಕಲ್ಲುಕೊಡಲಿಯ ಕಾಲದಿಂದ ಬೃಹತ್ ಶಿಲಾಸಮಾಧಿಗಳ ಕಾಲದವರೆಗೂ, ಅಲ್ಲಿಂದ ಶಾತವಾಹನರ ಕಾಲದವರೆಗೂ ಅಲ್ಲಿ ಜನವಸತಿ ಇದ್ದುದನ್ನು ತೋರಿಸಿದರು. ಅಂದರೆ ಶಾಸನವು ಬರಿಯ ಕಾಡಿನಲ್ಲಿ ಬಿದ್ದದ್ದಲ್ಲ, ಓದಿ ಹೇಳಿಸಿಕೊಳ್ಳುವ ಜನರ ನಡುವೆ ನಿಂತದ್ದು.

ಬ್ರಹ್ಮಗಿರಿಯ ಶಾಸನವು ಓಲೆಯ ಧಾಟಿಯಲ್ಲಿ ಆರಂಭವಾಗುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ಕೇಳಿ, ಅನಂತರ ರಾಜನ ಮಾತನ್ನು ತಿಳಿಸುತ್ತಾರೆ. ನಮ್ಮ ಅಜ್ಜಂದಿರ ಕಾಗದಗಳು ಉಭಯಕುಶಲೋಪರಿ ಎಂದು ತೊಡಗುತ್ತಿದ್ದುದನ್ನು ಬಲ್ಲವರಿಗೆ ಇದು ಪರಿಚಿತ ದನಿ. ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆದವು, ಮೊದಲು ಸಾಕಷ್ಟು ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ ಶ್ರಮಿಸಿದೆನು, ದೊಡ್ಡವರೇ ಅಲ್ಲ ಚಿಕ್ಕವರೂ ಪರಾಕ್ರಮದಿಂದ ಸ್ವರ್ಗವನ್ನು ಪಡೆಯಬಲ್ಲರು ಎಂದು ರಾಜನು ಹೇಳಿಸಿದ್ದಾನೆ. ಕೊನೆಯಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದರ ಅರ್ಥದ ಬಗ್ಗೆ ವಿದ್ವಾಂಸರು ನೂರು ವರ್ಷಗಳಿಂದ ಚರ್ಚಿಸುತ್ತಲೇ ಇದ್ದಾರೆ. ನಮಗೆ ಪ್ರಕೃತವಾದದ್ದು ಅದರ ಮುಂದಿನ ಭಾಗ.

ತಾಯಿತಂದೆಗಳ ಶುಶ್ರೂಷೆ ಮಾಡಬೇಕು, ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು, ಜ್ಞಾತಿಗಳಲ್ಲಿ ಯಥಾಯೋಗ್ಯವಾಗಿ ನಡೆದುಕೊಳ್ಳಬೇಕು, ಇದು ಪುರಾತನವಾದ ಪ್ರಕೃತಿ, ಇದರಿಂದ ದೀರ್ಘಾಯುಷ್ಯ ಎಂಬುದು ಅಲ್ಲಿಯ ಮಾತಿನ ಸಾರ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಮನೆಯಲ್ಲಿ ಒಂದಿಷ್ಟು ಸಂಸ್ಕೃತ ಕಲಿತ ಹುಡುಗ ಅಥವಾ ಹುಡುಗಿಯ ಮುಂದೆ ಆ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟು ನೋಡಿ. ಸುಸೂಸಿತವಿಯೇ ಎಂಬಲ್ಲಿ ಶುಶ್ರೂಷಿತವ್ಯ ಅಡಗಿದೆ. ಸಚಂ ಎಂಬುದು ಸತ್ಯಂ. ಆಚರಿಯೇ ಎಂದರೆ ಆಚಾರ್ಯ. ಞಾತಿಕ ಎಂದರೆ ಜ್ಞಾತಿ. ಪೋರಾಣಾ ಪಕಿತಿ ಎಂಬುದನ್ನು ಎರಡು ಬಾರಿ ಉಚ್ಚರಿಸಿದರೆ ಪುರಾಣ, ಪ್ರಕೃತಿ ಎಂಬ ಎರಡೂ ತಾವೇ ಕಿವಿಗೆ ಬೀಳುತ್ತವೆ. ದೀಘಾವುಸೇ ಎಂಬಲ್ಲಿ ನಾವು ನಮಸ್ಕರಿಸಿದವರಿಗೆ ಹಾರೈಸುವ ದೀರ್ಘಾಯುಷ್ಯವಿದೆ. ಅಂತೇವಾಸಿ ಎಂಬ ಶಬ್ದಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬೇಡ. ಉಪನಿಷತ್ತಿನಲ್ಲಿ ಹೇಗಿದೆಯೋ ಬಂಡೆಯ ಮೇಲೂ ಹಾಗೆಯೇ ಇದೆ.

ಶಕಾರವು ಸಕಾರವಾಗುವುದು, ಒತ್ತಕ್ಷರ ಸಡಿಲವಾಗುವುದು ನಮ್ಮ ಹಳ್ಳಿಯ ಮಾತಿಗೆ ಹೊಸತಲ್ಲ. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಹೇಗೆ ಬದಲಾಗಿ ಬಂದವೆಂಬುದನ್ನು ವಿವರಿಸಿದ್ದಾನಷ್ಟೆ. ಅದೇ ದಾರಿಯಲ್ಲಿ ಈ ಶಾಸನದ ಶಬ್ದಗಳನ್ನೂ ಹಿಂದಕ್ಕೆ ನಡೆಸಬಹುದು. ಆಚರಿಯ ಎಂಬುದನ್ನು ಓದಿದಾಗ ಬಡಗಿಯನ್ನೂ ಕಮ್ಮಾರನನ್ನೂ ನಮ್ಮ ಜನ ಆಚಾರಿ ಎಂದು ಕರೆಯುವುದು ನೆನಪಾಗುವುದು ಸಹಜ. ಇದಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಒಂದು ಪೂರ್ವಪಕ್ಷ. ಅಶೋಕನು ಬೌದ್ಧನಲ್ಲವೇ? ಶ್ರೀಮದಾಚಾರ್ಯರು ಬ್ರಹ್ಮಸೂತ್ರದ ಸಮಯಪಾದದಲ್ಲಿ ಬೌದ್ಧಮತವನ್ನು ನಿರಾಕರಿಸಿಲ್ಲವೇ? ಅಂಥ ರಾಜನ ಶಾಸನವನ್ನು ಉಪಾಕರ್ಮದ ಸಂದರ್ಭದಲ್ಲಿ ಏತಕ್ಕೆ ತರಬೇಕು? ಸಿದ್ಧಾಂತಭೇದವನ್ನು ಮರೆಮಾಡುವುದು ಉಚಿತವಲ್ಲ. ಎಲ್ಲವೂ ಒಂದೇ ಎಂದು ನುಣುಪಾಗಿ ಹೇಳುವುದು ತತ್ತ್ವವಾದಿಗಳಿಗೆ ಒಪ್ಪುವ ಮಾತೂ ಅಲ್ಲ. ಹಳೆಯ ಮತಕಲಹ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ವ್ಯಾಕರಣದಲ್ಲೇ ಒಂದು ಗುರುತಿದೆ. ಈ ಶಾಸನದಲ್ಲಿ ಅಶೋಕನೆಂಬ ಹೆಸರೇ ಇಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಹೆಸರು ಬಿರುದಿನೊಡನೆ ಕೂಡಿ ಕಂಡದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆ ಗೌರವದ ಶಬ್ದವು ಪತಂಜಲಿಯಲ್ಲಿ ಆದರದ ಸಂಬೋಧನೆಯಾಗಿಯೂ ಬಂದಿದೆ. ಸಿದ್ಧಾಂತಕೌಮುದಿಯ ವೇಳೆಗೆ ಅದರ ಅರ್ಥ ಮೂರ್ಖನೆಂದಾಗಿದೆ! ಕೌಮುದಿಯನ್ನು ಪಾಠ ಹೇಳಿಸಿಕೊಂಡವರಿಗೆ ಅಲುಕ್ ಸಮಾಸದ ಆ ಪ್ರಸಂಗ ನೆನಪಿರಬಹುದು.

ಸಮಾಧಾನವು ಶಾಸನದಲ್ಲಿಯೇ ಇದೆ. ಸಂಘವನ್ನು ಕುರಿತು ಹೇಳುವಾಗ ರಾಜನು ತನ್ನ ಅನುಭವವನ್ನು ಹೇಳುತ್ತಾನೆ. ಗುರುಶಿಷ್ಯರನ್ನು ಕುರಿತು ಹೇಳುವಾಗ ತನ್ನದೆಂದು ಹೇಳದೆ, ಇದು ಪುರಾತನ ಪ್ರಕೃತಿ ಎನ್ನುತ್ತಾನೆ. ಅವನ ಕಾಲಕ್ಕೇ ಅದು ಹಳೆಯದು! ಸ್ವಪಕ್ಷದವನ ಸಾಕ್ಷಿಗಿಂತ ಪರಪಕ್ಷದವನ ಸಾಕ್ಷಿ ಬಲವುಳ್ಳದ್ದೆಂಬುದು ವ್ಯವಹಾರದಲ್ಲಿ ಎಲ್ಲರೂ ಒಪ್ಪುವ ನ್ಯಾಯ. ನಮ್ಮ ವಿದ್ಯಾಸಂಪ್ರದಾಯವು ಈಚಿನ ಕಲ್ಪನೆ ಎಂದೋ, ಈ ಒಣನೆಲಕ್ಕೆ ಹೊರಗಿನಿಂದ ತಡವಾಗಿ ಬಂದದ್ದೆಂದೋ ಯಾರಾದರೂ ಹೇಳಿದರೆ, ವೇದವನ್ನು ಪ್ರಮಾಣವೆಂದು ಹಿಡಿಯದ ಒಬ್ಬ ಚಕ್ರವರ್ತಿಯೇ ಮೊಳಕಾಲ್ಮೂರಿನ ಬಂಡೆಯ ಮೇಲೆ ಉತ್ತರವನ್ನು ಬರೆಸಿಟ್ಟಿದ್ದಾನೆ.

ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದೇ ಶಾಸನದ ಇನ್ನೂ ವಿಸ್ತಾರವಾದ ಪಾಠವಿದೆ. ಆನೆ ಏರುವವರು, ಕರಣಿಕರು, ರಥವಾಹನ ವಿದ್ಯೆಯ ಆಚಾರ್ಯರು, ಬ್ರಾಹ್ಮಣರು, ಇವರೆಲ್ಲ ತಮ್ಮ ತಮ್ಮ ಅಂತೇವಾಸಿಗಳಿಗೆ ಪುರಾತನ ಪ್ರಕೃತಿಯಂತೆ ಶಿಕ್ಷಣ ಕೊಡಬೇಕೆಂದು ತಿಳಿಸಿರೆಂಬ ಆಜ್ಞೆ ಅಲ್ಲಿದೆ. ಬ್ರಾಹ್ಮಣರ ಹೆಸರು ಆನೆಯವರ, ಕರಣಿಕರ ಸಾಲಿನಲ್ಲಿ ಬಂದಿರುವುದನ್ನು ಓದಿ ಯಾರೂ ಮುಖ ಸಿಂಡರಿಸಬೇಕಾಗಿಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಅಂತೇವಾಸಿ ಎಂಬ ಶಬ್ದವು ಶಿಲ್ಪ ಕಲಿಯಲು ಗುರುವಿನ ಮನೆಯಲ್ಲಿ ನಿಂತವನಿಗೆ ಸಲ್ಲುತ್ತದೆ: ಕೆಲಸ ಕಲಿತಾದ ಮೇಲೂ ಒಪ್ಪಿದ ಅವಧಿಯವರೆಗೆ ಅವನು ಗುರುವಿನ ಅನ್ನವನ್ನುಂಡು, ದುಡಿಮೆಯ ಫಲವನ್ನು ಗುರುವಿಗೆ ಕೊಟ್ಟು ಅಲ್ಲಿಯೇ ಇರಬೇಕೆಂದು ವಿಧಿ. ಆಚಾರ್ಯನೂ ಆಚಾರಿಯೂ ಒಂದೇ ಶಬ್ದದ ಎರಡು ಮುಖಗಳಾದುದು ಆಕಸ್ಮಿಕವಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರು ಕೇಳದ ಮುತ್ತೈದೆ ಕನ್ನಡನಾಡಿನಲ್ಲಿ ವಿರಳ. ಆ ಸೀರೆಯ ಅಂಚು, ಸೆರಗುಗಳ ಕುಸುರಿಯನ್ನು ಪುಸ್ತಕ ನೋಡಿ ಕಲಿತವರಿಲ್ಲ. ಮಗ್ಗದ ಗುಣಿಯ ಪಕ್ಕದಲ್ಲಿ ಕುಳಿತು, ಹಿರಿಯರ ಕೈಯನ್ನು ನೋಡಿ ನೋಡಿ ಕಲಿತವರು ಅವರು. ಅಂತೇವಾಸವನ್ನು ಬಿಡದೆ ನಡೆಸಿದವರು ಅವರೇ ಎಂದರೆ ತಪ್ಪಿಲ್ಲ. ಹಣ ಕೊಟ್ಟು ಸೀರೆ ತರುವ ನಾವು ಆ ಪಾಠವನ್ನು ತರಲಿಲ್ಲ.

ಶಾಸನವು ಗೌರವಿಸಬೇಕು ಎಂಬರ್ಥದಲ್ಲಿ ಅಪಚಾಯಿತವಿಯೇ ಎಂದಿದೆ. ಸಂಸ್ಕೃತದ ಅಪಚಿತಿ, ಎಂದರೆ ಪೂಜೆ, ಇದಕ್ಕೆ ಹತ್ತಿರದ್ದು. ಗುರುವಿಗೆ ಗೌರವವೆಂದರೆ ತಲೆಯಾಡಿಸುವುದು ಎಂದು ತಿಳಿಯುವವರಿದ್ದಾರೆ. ಶ್ರೀಮದಾಚಾರ್ಯರ ಚರಿತ್ರೆಯೇ ಇದಕ್ಕೆ ಪ್ರತ್ಯುತ್ತರ. ಅಚ್ಯುತಪ್ರೇಕ್ಷರಲ್ಲಿ ಇಷ್ಟಸಿದ್ಧಿಯ ಪಾಠವಾಗುತ್ತಿದ್ದಾಗ ಮೊದಲ ಶ್ಲೋಕದಲ್ಲಿಯೇ 32 ದೋಷಗಳನ್ನು ತೋರಿಸಿದರೆಂದು ಪ್ರಸಿದ್ಧಿ. ಹಾಗಿದ್ದೂ ಗುರುಭಾವಕ್ಕೆ ಲೋಪ ಬರಲಿಲ್ಲ. ಕೊನೆಗೆ ಗುರುಗಳೇ ಶಿಷ್ಯರ ಸಿದ್ಧಾಂತವನ್ನು ಅಂಗೀಕರಿಸಿದರು. ಒಳ್ಳೆಯದನ್ನು ಮಾತ್ರ ಅನುಸರಿಸು ಎಂದ ಶಿಕ್ಷಾವಲ್ಲಿಯ ಆಚಾರ್ಯನ ಮಾತು ನಮ್ಮ ಪರಂಪರೆಯಲ್ಲಿ ಹೀಗೆ ಫಲಿಸಿತು. ಸೂತ್ರಭಾಷ್ಯದ ಮೂರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಶ್ರೀಮದಾಚಾರ್ಯರು ಗುರುಪ್ರಸಾದವೇ ಬಲವತ್ತರವೆಂದು ನಿರ್ಣಯಿಸುತ್ತಾರೆ. ಹಾಗೆಂದು ಶ್ರವಣಾದಿಗಳನ್ನು ಬಿಡತಕ್ಕದ್ದಲ್ಲವೆಂದೂ ಹೇಳುತ್ತಾರೆ. ಛಾಂದೋಗ್ಯದ ಸತ್ಯಕಾಮನ ಕಥೆ ಇಲ್ಲಿ ಸ್ಮರಣೀಯ. ಗೋವುಗಳನ್ನು ಕಾಯುತ್ತ ಅರಣ್ಯದಲ್ಲಿದ್ದ ಅವನಿಗೆ ವೃಷಭವೂ ಅಗ್ನಿಯೂ ಹಂಸವೂ ಮದ್ಗುವೂ ಬ್ರಹ್ಮವಿದ್ಯೆಯನ್ನು ಹೇಳಿದವು. ದೇವತೆಗಳೇ ಹೇಳಿದ ಮೇಲೆ ಇನ್ನೇನು ಉಳಿಯಿತು? ಆದರೂ ಅವನು ಗೌತಮರ ಬಳಿಗೆ ಬಂದು, ತಾವು ಹೇಳಬೇಕು, ಆಚಾರ್ಯರಿಂದ ತಿಳಿದ ವಿದ್ಯೆಯೇ ಸಾಧುತಮವೆಂದು ಕೇಳಿದ್ದೇನೆ ಎಂದು ಪ್ರಾರ್ಥಿಸಿದನು. ಕೈಯಲ್ಲಿಯ ಮೊಬೈಲಿನಿಂದ ಭಾಷ್ಯವೂ ಸ್ತೋತ್ರವೂ ಬೇಕೆಂದಾಗ ಕೇಳಿಬರುವ ಈ ಕಾಲದಲ್ಲಿ ಸತ್ಯಕಾಮನ ಸನ್ನಿವೇಶ ನಮಗೆ ಅಷ್ಟೇನೂ ದೂರದ್ದಲ್ಲ. ಕೇಳುವುದು ತಪ್ಪಲ್ಲ, ಕೇಳಿದ ಮೇಲೆ ಗುರುವಿನ ಬಳಿಗೆ ಬರುವುದೊಂದು ಉಳಿದಿರುತ್ತದೆ. ಸ್ವರ ತಪ್ಪಿದರೆ ಯಂತ್ರವು ತಡೆದು ನಿಲ್ಲಿಸುವುದಿಲ್ಲ.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತಳುಕು ಸಿಕ್ಕುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರ ಮನೆತನದ ಊರು ಅದು. ಅವರು 1939ರಲ್ಲಿ ದಿವಂಗತರಾದರು. ಹತ್ತು ವರ್ಷಗಳ ಮೇಲೆ ಪ್ರಕಟವಾದ ಶ್ರೀರಾಮಾಯಣ ದರ್ಶನಂ ಮಹಾಕಾವ್ಯವನ್ನು ಅವರ ಶಿಷ್ಯರಾದ ಕುವೆಂಪು ಅವರು ಅರ್ಪಿಸಿದ್ದು ಈ ಗುರುಗಳಿಗೆ. ಕುಲವೂ ಬೇರೆ, ಸೀಮೆಯೂ ಬೇರೆ. ಗುರು ಇಲ್ಲವಾದ ಮೇಲೂ ಅಪಚಿತಿ ಉಳಿಯಿತು. ಅದೇ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳನ್ನು ಕುರಿತು ಬರೆದ ಪುಸ್ತಕವೂ ಹತ್ತಿರ ಕುಳಿತು ಕಂಡವನ ಬರಹವೇ.

ಸಂಸ್ಕೃತವನ್ನು ಶಾಲೆಯಲ್ಲಿ ಪ್ರಥಮ ಭಾಷೆಯಾಗಿ ತೆಗೆದುಕೊಳ್ಳುವ ನಮ್ಮ ಮಕ್ಕಳು ಕಡಮೆಯಿಲ್ಲ. ಏಕೆಂದು ಕೇಳಿದರೆ ಅಂಕಗಳು ಹೆಚ್ಚು ಬರುತ್ತವೆಂಬ ಉತ್ತರ. ಪರೀಕ್ಷೆ ಮುಗಿದ ವರ್ಷದಲ್ಲಿಯೇ ಶಬ್ದರೂಪಗಳು ಮರೆತುಹೋಗುತ್ತವೆ. ನಿಜವನ್ನು ಹೇಳಬೇಕೆಂದರೆ, ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಮುರಿಯದೆ ಉಳಿದಿರುವ ಅಂತೇವಾಸವು ಅಡುಗೆಮನೆಯ ಬಾಗಿಲಿನದು. ಶ್ರೀವಾದಿರಾಜರ ಲಕ್ಷ್ಮೀಶೋಭಾನೆಯನ್ನು ಮೊಮ್ಮಗಳು ಅಜ್ಜಿಯ ಬಾಯಿಂದ, ಹೂ ಕಟ್ಟುತ್ತಲೋ ಬತ್ತಿ ಹೊಸೆಯುತ್ತಲೋ ಕಲಿಯುತ್ತಾಳೆ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಜ್ಜಿ ತಿದ್ದುತ್ತಾಳೆ. ಅಲ್ಲಿ ಪೂರ್ವರೂಪವೂ ಇದೆ, ಉತ್ತರರೂಪವೂ ಇದೆ, ಸಂಧಾನವೂ ಇದೆ. ಗಂಡುಮಕ್ಕಳಿಗೆ ದುರ್ಲಭವಾದುದು ಹೆಣ್ಣುಮಕ್ಕಳಿಗೆ ಉಳಿದಿದೆ. ಅವರಿಗೆ ಶಬ್ದಾರ್ಥವನ್ನೂ ಹೇಳಿಕೊಟ್ಟರೆ ಪಾಠ ಪೂರ್ಣವಾಗುತ್ತದೆ.

ಆದುದರಿಂದ ಬರುವ ಉಪಾಕರ್ಮದಂದು ಬ್ರಹ್ಮಯಜ್ಞವಾದ ಮೇಲೆ ಅರ್ಧ ಗಂಟೆಯನ್ನು ಉಳಿಸಿಕೊಳ್ಳಬೇಕೆಂದು ನಮ್ಮ ಕುಟುಂಬಗಳಲ್ಲಿ ವಿಜ್ಞಾಪನೆ. ಶಿಕ್ಷಾವಲ್ಲಿಯ ಹನ್ನೊಂದನೆಯ ಅನುವಾಕವನ್ನು ಬಲ್ಲವರೊಬ್ಬರು ಅರ್ಥಸಹಿತ ಹೇಳಲಿ. ಶ್ರೀಮದಾಚಾರ್ಯರು ಭಾಷ್ಯ ರಚಿಸಿದ ಹತ್ತು ಉಪನಿಷತ್ತುಗಳಲ್ಲಿ ಇದೂ ಸೇರಿರುವುದರಿಂದ ಪಾಠಕ್ಕೆ ಆಧಾರ ಹುಡುಕಬೇಕಾಗಿಲ್ಲ. ಬಳಿಕ ಶಾಸನದ ಶಬ್ದಗಳನ್ನು ಮಕ್ಕಳಿಂದ ಬಿಡಿಸಿರಿ. ಅನುಕೂಲವಿದ್ದವರು ಒಂದು ಭಾನುವಾರ ಬ್ರಹ್ಮಗಿರಿಗೆ ಹೋಗಿ ಬಂಡೆಯನ್ನು ತೋರಿಸಿರಿ. ಕುಂಕುಮ ಹಚ್ಚುವುದು, ಹೆಸರು ಕೆತ್ತುವುದು ಬೇಡ. ಬಳೆಗಾರಗುಂಡಿಗೆ ಆದ ಸವೆತ ಸಾಕು.

ಹೋದಾಗ ಶಾಸನದ ಕೊನೆಯನ್ನು ತಪ್ಪದೆ ನೋಡಬೇಕು. ಅಲ್ಲಿ ಬರೆದವನು ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ: ಚಪಡ. ತಾನು ಲಿಪಿಕರನೆಂದು ಹೇಳುವ ಆ ಒಂದು ಶಬ್ದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ. ಆ ಸೀಮೆಯ ಶಲಾತುರವು ಪಾಣಿನಿಯ ಊರು. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಲಿಪಿಕರ ಎಂಬ ಶಬ್ದವನ್ನು ಸಾಧಿಸುವ ಸೂತ್ರವಿದೆ. ಆ ಶಬ್ದವು ಗಾಂಧಾರದ ಅಕ್ಷರದಲ್ಲಿ ಮೊಳಕಾಲ್ಮೂರಿನವರೆಗೆ ನಡೆದು ಬಂದಿದೆ. ಇಲ್ಲಿಂದ ಹದಿನೈದು ಶತಮಾನಗಳ ಮೇಲೆ ಉಡುಪಿಯ ಸೀಮೆಯಲ್ಲಿ ಇನ್ನೊಬ್ಬ ಲಿಪಿಕರರು ಕುಳಿತರು. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಹೃಷೀಕೇಶತೀರ್ಥರು ಗುರುಗಳ ಗ್ರಂಥಗಳನ್ನು ತುಳು ಲಿಪಿಯಲ್ಲಿ ತಾಳೆಗರಿಯ ಮೇಲೆ ಬರೆದಿಟ್ಟರು. ಆ ಗ್ರಂಥವು ಅವರ ಪರಂಪರೆಯ ಪಲಿಮಾರು ಮಠದಲ್ಲಿ ರಕ್ಷಿತವಾಗಿ ಬಂದು, ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲವನ್ನು ಸಂಪಾದಿಸುವಾಗ ಪಾಠನಿರ್ಣಯಕ್ಕೆ ಆಧಾರವಾಯಿತು. ನಾವು ಇಂದು ಪಾರಾಯಣ ಮಾಡುವ ಅಕ್ಷರಗಳಲ್ಲಿ ಅನೇಕವು ಆ ಅಂತೇವಾಸಿಯ ಕೈಯಿಂದ ಬಂದವು.

॥ ಶ್ರೀಕೃಷ್ಣಾರ್ಪಣಮಸ್ತು ॥